ಬೈಬಲ್ಲಿನ ಮೇಲೆ ಕೈ ಇಡದ ನರ್ಸಮ್ಮ

ಹೋದ ಸೋಮವಾರ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಮಾವನವರ ಮಾತ್ರೆಗೆಂದು ನಿಂತಿದ್ದೆ. ಅಂಗಡಿಯವರ ಕೈ ಜಾರಿ ಟಿಂಚರ್ ಸೀಸೆಯೊಂದು ನೆಲಕ್ಕೆ ಬಿದ್ದು ಒಡೆಯಿತು. ಸಾಂಬ್ರಾಣಿಗೆ ಸ್ಪಿರಿಟ್ ಬೆರೆಸಿದಂಥ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಔಷಧಿಯ ವಾಸನೆಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರಿದೆ. ಮಾತ್ರೆ ತೆಗೆದುಕೊಳ್ಳದೆಯೇ ಹೊರಗೆ ಬಂದು ಪಕ್ಕದ ಮೆಟ್ಟಿಲ ಮೇಲೆ ಕುಳಿತೆ. ಅದು ನಮ್ಮೂರ ನರ್ಸಮ್ಮನ ಮನೆಯ ವಾಸನೆ...

ನಮ್ಮೂರು ಚಿಂತಾಮಣಿಯಿಂದ ಅಂಬಾಜಿದುರ್ಗದ ಕಡೆ ಹೋಗುವ ದಾರಿಯಲ್ಲಿದೆ. ಊರಿನ ಕೊನೆಯ ಬೀದಿಯಲ್ಲಿ ನಮ್ಮ ಕ್ರೈಸ್ತರ ಹತ್ತು ಹನ್ನೆರಡು ಮನೆಗಳು, ಶೀಟು ಹೊದಿಸಿದ ಒಂದು ಪ್ರಾರ್ಥನಾ ಮಂದಿರ. ನರ್ಸಮ್ಮ ಹುಟ್ಟಿದ್ದು ಅಲ್ಲಲ್ಲ. ಎಲ್ಲೆಲ್ಲೋ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಗಂಡ ತೀರಿಕೊಂಡ ಮೇಲೆ, ನಿವೃತ್ತಿಯಾಗಿ ನಮ್ಮ ಬೀದಿಯಲ್ಲಿ ಬಾಡಿಗೆಗೆ ಬಂದಿದ್ದರು. ಇಂಜೆಕ್ಷನ್ ಚುಚ್ಚುವುದು, ಗಾಯ ತೊಳೆದು ಬಟ್ಟೆ ಕಟ್ಟುವುದು, ಬಾಣಂತಿಯರನ್ನು ನೋಡುವುದು ಎಲ್ಲ ಅವರೇ. ಎಲ್ಲ ಜಾತಿಯವರೂ ಅವರ ಬಾಗಿಲಿಗೆ ಬರುತ್ತಿದ್ದರು.

ಧೈರ್ಯವಂತೆ ಎಂದು ಅವರನ್ನು ಯಾರೂ ಅನ್ನುತ್ತಿರಲಿಲ್ಲ. ಗುಡುಗಿಗೆ ಹೆದರುತ್ತಿದ್ದರು. ಪೊಲೀಸ್ ಜೀಪು ಕಂಡರೆ ಸೆರಗು ಹೊದ್ದು ಒಳಗೆ ಹೋಗುತ್ತಿದ್ದರು. ಬೀದಿನಾಯಿಗಳ ಭಯಕ್ಕೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬರೇ ಮನೆಗೆ ಹೋಗುತ್ತಿರಲಿಲ್ಲ. "ಜೊತೆಗೆ ಬಾರಮ್ಮ" ಎಂದು ನನ್ನನ್ನು ಕರೆಯುತ್ತಿದ್ದರು. ನಾನಾಗ ಪಿಯುಸಿ ಓದುತ್ತಿದ್ದೆ. ಅವರ ತಣ್ಣನೆಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿರುತ್ತಿದ್ದವು.

ಭಯ ನಮಗೆಲ್ಲರಿಗೂ ಇತ್ತು. ಅದರ ಹಿಂದಿನ ವರ್ಷ ಒಂದು ಭಾನುವಾರ, ಆರಾಧನೆ ನಡೆಯುತ್ತಿದ್ದಾಗಲೇ ಬೇರೆ ಕಡೆಯ ಗುಂಪೊಂದು ಮಂದಿರಕ್ಕೆ ನುಗ್ಗಿತ್ತು. ಮತಾಂತರ ಮಾಡುತ್ತೀರಿ ಎಂದು ಕೂಗಾಡಿ, ಬೆಂಚು ಉರುಳಿಸಿ, ತಬಲ ಒಡೆದು, ನಮ್ಮಪ್ಪನ ಕಾಲರ್ ಹಿಡಿದಿದ್ದರು. ಮಕ್ಕಳು ಬೆಂಚಿನ ಕೆಳಗೆ ತೂರಿಕೊಂಡಿದ್ದರು. ಆ ಹೊತ್ತಿಗೆ ಊರ ಯಜಮಾನರು ಬಂದರು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಅಡಿಕೆ. ಬಾಗಿಲಿಗೆ ಅಡ್ಡ ನಿಂತು ತೆಲುಗಿನಲ್ಲಿ "ಇದಿ ನಾ ಊರು" ಅಂದರು. ಇದು ನನ್ನ ಊರು. ಅಷ್ಟೇ. ಬಂದವರು ಒಬ್ಬೊಬ್ಬರಾಗಿ ಬೈಕು ಹತ್ತಿದರು. ಅಂದಿನಿಂದ ನಾವು ಚಿಲಕ ಹಾಕಿಕೊಂಡು ಹಾಡತೊಡಗಿದೆವು. ನಮ್ಮ ಪ್ರಾರ್ಥನೆಯಲ್ಲಿ ಯಜಮಾನರ ಹೆಸರೂ ಸೇರಿಕೊಂಡಿತು.

ಅದೇ ಯಜಮಾನರು ಊರ ಹಿಂದಿನ ಗೋಮಾಳಕ್ಕೆ ಕಲ್ಲುಕಂಬ ನೆಟ್ಟು ತಂತಿ ಎಳೆಸತೊಡಗಿದ್ದು ಪಂಚಾಯಿತಿ ಚುನಾವಣೆಗೆ ಕೆಲವು ತಿಂಗಳ ಮುಂಚೆ. ಕುರಿ ಮೇಯಿಸುತ್ತಿದ್ದ ಒಬ್ಬ, ನಮ್ಮ ಕ್ರೈಸ್ತ ಸಭೆಯವನಲ್ಲ, ಇದು ಎಲ್ಲರ ಜಾಗ ಎಂದು ತಂತಿಗೆ ಅಡ್ಡ ನಿಂತ. ಯಜಮಾನರ ಕಡೆಯವರು ಅವನ ಬಲಗೈ ಮುರಿದರು. ಹೆಂಡತಿ ಅವನನ್ನು ನರ್ಸಮ್ಮನ ಮನೆಗೆ ಕರೆತಂದಾಗ ನಾನು ಅಲ್ಲೇ ಇದ್ದೆ, ನೀರಿನ ಬೋಗುಣಿ ಹಿಡಿದುಕೊಂಡಿದ್ದೆ. ಬಿದಿರ ದಬ್ಬೆ ಇಟ್ಟು ಕೈ ಕಟ್ಟುತ್ತಿದ್ದಾಗ ಅವನು ಯಾರು ಹೊಡೆದರು, ಯಾರು ನಿಂತು ನೋಡಿದರು, ಎಲ್ಲ ಹೇಳಿದ. ನೋಡಿದವರು ಯಜಮಾನರೇ.

ಮಾರನೆಯ ದಿನ ಪೊಲೀಸಿನವರು ಬಂದಾಗ ಹುಣಸೇಮರದಿಂದ ಬಿದ್ದ ಎಂದು ಊರೆಲ್ಲ ಹೇಳಿತು. ಅವನೂ ಹಾಗೆಯೇ ಹೇಳಿದ. ನರ್ಸಮ್ಮನನ್ನು ಯಾರೂ ಕೇಳಲಿಲ್ಲ.

ಚುನಾವಣೆಗೆ ಯಜಮಾನರು ನಿಂತರು. ನಮ್ಮ ಬೀದಿಯ ಓಟು ಅವರಿಗೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಜಮಾನರಿಗೆ ಮಾತ್ರ ಇತ್ತು. ಹಿಂದಿನ ಸಲ ಜನ ಎರಡೂ ಕಡೆ ಉಂಡು ಕೈಕೊಟ್ಟರು ಎಂದು ಈ ಸಲ ಪ್ರತಿ ಬೀದಿಯಲ್ಲೂ ಆಣೆ ಮಾಡಿಸುತ್ತಿದ್ದರು. ಬೇರೆ ಬೀದಿಗಳಲ್ಲಿ ದೇವರ ಮುಂದೆ, ನಮ್ಮ ಬೀದಿಯಲ್ಲಿ ಬೈಬಲ್ಲಿನ ಮೇಲೆ. ಪಾಸ್ಟರು ಚಿಂತಾಮಣಿಯಲ್ಲಿದ್ದರು, ಆ ದಿನ ಬರಲಿಲ್ಲ. ಸಭೆಯ ಹಿರಿಯರಾದ ನಮ್ಮಪ್ಪನೇ ಮಂದಿರದ ಬೀಗ ತೆಗೆದರು.

ಶನಿವಾರ ಮಧ್ಯಾಹ್ನ ಯಜಮಾನರು ನಾಲ್ಕೈದು ಜನರೊಂದಿಗೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತರು. ಚಪ್ಪಲಿಯನ್ನು ಹೊರಗೆ ಬಿಟ್ಟೇ ಬಂದಿದ್ದರು, ಅದು ನನಗೆ ಚೆನ್ನಾಗಿ ನೆನಪಿದೆ. ಬೈಬಲ್ಲನ್ನು ಮೇಜಿನ ಮೇಲೆ ಇಡಲಾಯಿತು. ಮೊದಲು ನಮ್ಮಪ್ಪ, ಆಮೇಲೆ ಅಮ್ಮ, ಆಮೇಲೆ ಉಳಿದವರು ಬಂದು ಕೈ ಇಟ್ಟು, ಓಟು ನಿಮಗೇ ಎಂದು ಹೇಳಿ ಹೋಗುತ್ತಿದ್ದರು. ನನಗೆ ಇನ್ನೂ ಓಟಿನ ವಯಸ್ಸಾಗಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದೆ.

ನರ್ಸಮ್ಮನ ಸರದಿ ಬಂತು. ಮೇಜಿನವರೆಗೂ ಹೋದರು. ಹೋಗಿ ನಿಂತುಬಿಟ್ಟರು.

"ಏಮಮ್ಮಾ, ಕೈ ಇಡಿ" ಅಂದರು ಯಜಮಾನರು, ನಗುತ್ತಲೇ.

"ಆಣೆ ಇಡೋದು ನಮ್ಮಲ್ಲಿ ತಪ್ಪು, ಯಜಮಾನ್ರೇ."

"ಸರಿ, ಆಣೆ ಬೇಡ. ಬಾಯಲ್ಲಿ ಹೇಳಿ ಸಾಕು. ನಿಮ್ಮ ಮಾತೇ ಆಣೆ ಇದ್ದಂಗೆ."

ನರ್ಸಮ್ಮನಿಗೆ ಅಲ್ಲಿಂದ ಪಾರಾಗಲು ದಾರಿ ಸಿಕ್ಕಿತ್ತು. ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನರ್ಸಮ್ಮ ಸೆರಗನ್ನು ಎಳೆದು ಹೊದ್ದುಕೊಂಡರು.

"ನಿಮಗೆ ಹಾಕಲ್ಲ" ಅಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ, ಹಿಂದಿನ ಸಾಲಿನವರು ಏನಂತೆ ಎಂದು ಪಿಸುಗುಟ್ಟಿದರು. "ಆ ಕೈ ಕಟ್ಟಿದ್ದು ನಾನು. ಅವನು ಮರದಿಂದ ಬಿದ್ದಿಲ್ಲ."

ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಎದ್ದು, ಟವೆಲ್ಲು ಕೊಡವಿ, "ವಯಸ್ಸಾಗಿದೆ ಪಾಪ. ಓಟಿನ ದಿನ ಬಿಸಿಲಲ್ಲಿ ಬರಬೇಡಿ, ಮನೇಲೇ ಇರಿ" ಎಂದು ಹೇಳಿ ಹೊರಟರು. ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಆ ದಿನ ಮನೆಯವರೆಗೆ ಹೋಗುವಾಗ ನರ್ಸಮ್ಮ ಎರಡು ಕಡೆ ಜಗಲಿಯ ಮೇಲೆ ಕೂತು ಎದ್ದರು. ನಾನು ಕೇಳಿಯೇಬಿಟ್ಟೆ, "ಕೈ ಇಟ್ಟು, ಆಮೇಲೆ ಯಾರಿಗೆ ಬೇಕೋ ಅವರಿಗೆ ಹಾಕಬಹುದಿತ್ತಲ್ಲ ನರ್ಸಮ್ಮ? ಎಷ್ಟೋ ಜನ ಹಂಗೇ ಮಾಡ್ತಾರೆ."

"ಮಾಡ್ತಾರೆ ಕಣಮ್ಮ. ನಂಗೆ ಬರಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಪ್ರತಿ ವಾರ ನೆರೆಯವನನ್ನ ಪ್ರೀತಿಸು, ನೆರೆಯವನನ್ನ ಪ್ರೀತಿಸು ಅಂತೀವಿ. ನಮ್ಮ ಸಭೆಯವನಲ್ಲ ಅಂದ ಮಾತ್ರಕ್ಕೆ ಅವನು ನೆರೆಯವನಲ್ವಾ? ನಮ್ಮನ್ನ ಕಾಪಾಡಿದ್ರು ಅಂತ ಓಟು ಹಾಕಿದ್ರೆ, ಅವನ ಕೈ ಮುರಿದಿದ್ದು ಸರಿ ಅಂತ ನಾನೂ ಹೇಳಿದಂಗಲ್ವಾ?"

ಮನೆಯಲ್ಲಿ ನಮ್ಮಪ್ಪನ ಮಾತು ಬೇರೆಯಿತ್ತು. ಸಂಜೆ ಅವರೇ ನರ್ಸಮ್ಮನ ಬಾಗಿಲಿಗೆ ಹೋದರು. ನಾನು ಹಿಂದೆ ಹೋದೆ.

"ಅಕ್ಕಾ, ನಿಮ್ಮ ಮನಸ್ಸಾಕ್ಷಿ ದೊಡ್ಡದು, ಒಪ್ಪಿದೆ. ಮತ್ತೆ ಆ ಗುಂಪು ನುಗ್ಗಿದ್ರೆ ಬಾಗಿಲಿಗೆ ಯಾರು ನಿಂತ್ಕೋತಾರೆ? ನೀವು ನಿಂತ್ಕೋತೀರಾ? ಮಕ್ಕಳಿದಾರೆ ಅಕ್ಕಾ ನಮಗೆ." ಅಪ್ಪನ ಕಣ್ಣಲ್ಲಿ ನೀರಿತ್ತು. "ಓಟಿನ ದಿನ ಮನೇಲಿ ಇದ್ಬಿಡಿ. ಯಾರಿಗೂ ಹಾಕಬೇಡಿ. ಅಷ್ಟು ಮಾಡಿ."

ನರ್ಸಮ್ಮ ಒಳಗೆ ಹೋಗಿ ಅಪ್ಪನಿಗೆ ಕುಡಿಯಲು ನೀರು ತಂದುಕೊಟ್ಟರು. ಅಪ್ಪನ ಭಯವೂ ಸುಳ್ಳಾಗಿರಲಿಲ್ಲ...

ಆಮೇಲಿನ ದಿನಗಳಲ್ಲಿ ಏನೂ ನಡೆಯಲಿಲ್ಲ. ಏನೂ ನಡೆಯದಿದ್ದುದೇ ಕಷ್ಟವಾಯಿತು. ಬೈಕೊಂದು ಅವರ ಮನೆಯ ಮುಂದೆ ಬಂದು ನಿಂತು, ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಇದ್ದು ಹೋಗುತ್ತಿತ್ತು. ಇಂಜೆಕ್ಷನ್ನಿಗೆ ಬರುವವರು ನಿಂತರು. ನಲ್ಲಿಯ ಹತ್ತಿರ ಹೆಂಗಸರು ಅವರಿಗೆ ಜಾಗ ಬಿಟ್ಟು ದೂರ ಸರಿಯುತ್ತಿದ್ದರು. ಭಾನುವಾರ ಹಾಡುವಾಗಲೂ ನಮ್ಮೆಲ್ಲರ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು.

ಓಟಿನ ದಿನ ಬೆಳಿಗ್ಗೆ ನಾನು ಹೋದಾಗ ಅವರು ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಮುಖ ತೊಳೆದು ಮಂಚದ ಮೇಲೆ ಕುಳಿತು, "ಹೋಗಲ್ಲ ಕಣಮ್ಮ. ನನ್ನ ಕೈಲಾಗಲ್ಲ. ದೇವರು ಕ್ಷಮಿಸ್ತಾನೆ" ಅಂದರು. ನನಗೆ ನಿರಾಳವೆನಿಸಿತು. ಅಪ್ಪನಿಗೆ ಹೇಳೋಣವೆಂದು ಎದ್ದೆ. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಸೀರೆಯ ಸರಸರ ಕೇಳಿಸಿತು. ಬಿಳಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಎದ್ದು ಬರುತ್ತಿದ್ದರು.

"ಇವತ್ತು ಮನೇಲಿ ಕೂತ್ರೆ ನಾಳೆಯಿಂದ ಪ್ರಾರ್ಥನೆ ಮಾಡೋಕಾಗಲ್ಲ ನಂಗೆ. ಜೊತೆಗೆ ಬಾರಮ್ಮ."

ಓಟು ಹಾಕುವ ಶಾಲೆಯವರೆಗೆ ಅವರು ನನ್ನ ಮಣಿಕಟ್ಟು ಹಿಡಿದೇ ನಡೆದರು. ಜಗಲಿಗಳಲ್ಲಿ ಕುಳಿತಿದ್ದವರು ನಮ್ಮನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಶಾಲೆಗೆ ಸ್ವಲ್ಪ ಈಚೆ ಹುಣಸೇಮರದ ನೆರಳಲ್ಲಿ ಯಜಮಾನರ ಕಡೆಯವರ ಮೇಜು ಇತ್ತು. ಯಜಮಾನರೂ ಅಲ್ಲಿದ್ದರು. ನರ್ಸಮ್ಮನನ್ನು ಕಂಡು ಎದ್ದು ನಿಂತು ಎರಡೂ ಕೈ ಜೋಡಿಸಿದರು.

"ಬಂದ್ರಾ? ಸಂತೋಷ."

ನರ್ಸಮ್ಮನೂ ಕೈ ಮುಗಿದರು. ಒಳಗೆ ಹೋದರು. ನಾನು ಗೇಟಿನ ಹೊರಗೆ ನಿಂತಿದ್ದೆ. ಆ ಮೇಜಿನ ಹತ್ತಿರದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನರ್ಸಮ್ಮ ಹೊರಬರುವ ಹೊತ್ತಿಗೆ ನನ್ನ ಬೆನ್ನು ಬೆವರಿನಿಂದ ತೊಯ್ದಿತ್ತು.

ಯಜಮಾನರು ಸುಲಭವಾಗಿ ಗೆದ್ದರು. ಒಂದು ಓಟಿನಿಂದ ಏನೂ ಆಗಲಿಲ್ಲ.

ಗೆದ್ದ ದಿನದ ಮೆರವಣಿಗೆ ನಮ್ಮ ಬೀದಿಗೂ ಬಂತು. ತಮಟೆ ಸದ್ದು ಹತ್ತಿರವಾಗುತ್ತಿದ್ದಂತೆ ನಾನು ಓಡಿಹೋಗಿ ನರ್ಸಮ್ಮನ ಮನೆ ಸೇರಿಕೊಂಡೆ. ಅವರು ಒಳಗಿಂದ ಅಗುಳಿ ಹಾಕಿದರು. ಮೆರವಣಿಗೆ ಅವರ ಮನೆಯ ಮುಂದೆಯೇ ನಿಂತಿತು. ತಮಟೆಯ ಏಟಿಗೆ ಗೂಡಿನಲ್ಲಿದ್ದ ಸೀಸೆಗಳು ಕಿಣಿಕಿಣಿ ಅಂದವು. ಪಟಾಕಿ ಸರವೊಂದು ಬಾಗಿಲಿಗೇ ಬಂದು ಸಿಡಿಯಿತು. ಟಿಂಚರ್ ಸೀಸೆ ಉರುಳಿ ನೆಲದ ಮೇಲೆ ಚೆಲ್ಲಿ ಮನೆಯೆಲ್ಲ ಘಾಟು. ಈಗ ಬಾಗಿಲು ಒಡೆಯುತ್ತಾರೆ, ಈಗ ಒಡೆಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ನರ್ಸಮ್ಮನ ಉಗುರು ನನ್ನ ಮಣಿಕಟ್ಟಿಗೆ ನಾಟಿತ್ತು.

ಕಣ್ಣು ಬಿಟ್ಟಾಗ ನರ್ಸಮ್ಮ ಕಿಟಕಿಯ ಸಂದಿಯಿಂದ ಹೊರಗೆ ನೋಡುತ್ತಿದ್ದರು. ನಾನೂ ಇಣುಕಿದೆ. ಯಜಮಾನರ ಕೊರಳಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದವನು ಆ ಕುರಿ ಮೇಯಿಸುವವನು. ಅವನ ಸುತ್ತ ನಿಂತವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ನಗು ಎಂಥದ್ದೆಂದು ಹೇಗೆ ಹೇಳಲಿ... ಇವನಿಗೋಸ್ಕರವೇ ಇಷ್ಟೆಲ್ಲ ಎಂದು ಅಳು ಬಂತು.

"ನೋಡು" ಅಂದರು ನರ್ಸಮ್ಮ, ಮೆಲ್ಲಗೆ. "ಕೈ ಮೇಲಕ್ಕೆ ಎತ್ತೋಕೆ ಆಗ್ತಿದೆ. ಮೂಳೆ ಚೆನ್ನಾಗಿ ಕೂಡಿದೆ."

ಅದರಲ್ಲಿ ಕೊಂಕಿರಲಿಲ್ಲ. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಮೆರವಣಿಗೆ ಮುಂದೆ ಹೋಯಿತು. ಬಾಗಿಲನ್ನು ಯಾರೂ ಮುಟ್ಟಲಿಲ್ಲ. ಕೆಲವು ವಾರಗಳಾದ ಮೇಲೆ ಮನೆಯ ಮಾಲೀಕರು ಬಂದು, ಮಗಳಿಗೆ ಮನೆ ಬೇಕು, ಖಾಲಿ ಮಾಡಿಕೊಡಿ ಅಂದರು. ಅವರ ಮಗಳಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಬೇರೆ ಯಾರೂ ಮನೆ ಕೊಡಲಿಲ್ಲ. ನರ್ಸಮ್ಮ ಗೌರಿಬಿದನೂರಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಬಸ್ಸಿನವರೆಗೆ ಚೀಲ ಹಿಡಿದುಕೊಂಡು ಹೋದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಬಸ್ಸು ಬಂದಾಗ ಅಪ್ಪ ಎಲ್ಲಿಂದಲೋ ಬಂದು, ಅವರ ಟ್ರಂಕನ್ನು ಒಳಗೆ ಎತ್ತಿಟ್ಟು ಕೆಳಗಿಳಿದರು.

"ಬಿಪಿ ಮಾತ್ರೆ ನಿಲ್ಲಿಸಬೇಡಪ್ಪ" ಅಂದರು ನರ್ಸಮ್ಮ ಕಿಟಕಿಯಿಂದ. ಅಪ್ಪ ತಲೆಯಾಡಿಸಿದರು. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದರು.

ಆಮೇಲೆ ಅವರನ್ನು ನಾನು ನೋಡಲಿಲ್ಲ. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. "ಈಗ ಭಯ ಹೋಯ್ತಾ ನರ್ಸಮ್ಮ?" ಎಂದು ಕೇಳಿದ್ದಕ್ಕೆ, "ಎಲ್ಲಿ ಹೋಗುತ್ತಮ್ಮ, ಈಗ್ಲೂ ಬೈಕ್ ಸದ್ದು ಕೇಳಿದ್ರೆ ಎದ್ದು ಕೂತ್ಕೋತೀನಿ" ಅಂದಿದ್ದರು. ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಮಣ್ಣು ಮುಗಿದ ಮೇಲೆ.

ಈಗ ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಮತ್ತೆ ಚುನಾವಣೆ ಬಂದಿದೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು, ಬರುವ ವಾರ ನಮಗೆ ಬೇಕಾದವರೊಬ್ಬರು ಬರುತ್ತಾರೆ, ಯಾರೂ ತಪ್ಪಿಸಬಾರದು, ಓಟು ಅವರಿಗೇ ಎಂದು ಒಂದು ಮಾತು ಕೊಡಬೇಕಾಗುತ್ತದೆ ಅಂದರು. ಬರುವವರು ಎಂಥವರೆಂದು ಎಲ್ಲರಿಗೂ ಗೊತ್ತು. ನಮಗೆ ಅವರಿಂದ ಆಗಿರುವ ಸಹಾಯವೂ ಗೊತ್ತು. ಎಲ್ಲರೂ ತಲೆ ತಗ್ಗಿಸಿ ಆಮೆನ್ ಅಂದೆವು.

ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಧೈರ್ಯ ತುಂಬುವವರು ನೂರು ಜನ ಸಿಗುತ್ತಾರೆ. ನನ್ನ ಹಾಗೆಯೇ ಹೆದರುತ್ತ ಪಕ್ಕದಲ್ಲಿ ಕೂರುವವರು ಅವರೊಬ್ಬರೇ ಇದ್ದರು. ಈಗ ಇಲ್ಲ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ನನ್ನವರಿಗೆ ಹೇಳಿದೆ, "ಭಾನುವಾರ ನಾನು ಮಾತು ಕೊಡಲ್ಲ." ಅವರು ನನ್ನ ಮುಖ ನೋಡಿದರು. ಎದ್ದು ಹೋಗಿ, ಪಕ್ಕದ ಮನೆಯ ಕಡೆಗಿದ್ದ ಕಿಟಕಿಯನ್ನು ಸದ್ದಾಗದಂತೆ ಮುಚ್ಚಿ ಬಂದರು.