ಅಕ್ಕನ ಮೂಗು, ತಂಗಿಯ ಕಣ್ಣು

ಕಮಲಾಪುರದ ಆ ಅಕ್ಕತಂಗಿಯರನ್ನು ಪಕ್ಕಪಕ್ಕ ಕೂರಿಸಿದರೆ ಯಾರು ಯಾರೆಂದು ನಾನೇ ತಡವರಿಸುತ್ತಿದ್ದೆ. ಅದೇ ಚಪ್ಪಟೆ ಮೂಗು, ಅದೇ ಅಗಲ ಕೆನ್ನೆ. ಕಾಯಿಲೆಯೂ ಒಂದೇ: ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡು ಎಡಗಣ್ಣಿನಲ್ಲಿ ಸದಾ ನೀರು. ಕಲಬುರಗಿಯ ಬ್ರಹ್ಮಪುರದ ನನ್ನ ಚಿಕ್ಕ ಆಸ್ಪತ್ರೆಯಲ್ಲಿ ಮೊದಲು ಅಕ್ಕನಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಮೂಗಿನ ಎಲುಬಿನಲ್ಲಿ ಕಿಂಡಿ ಕೊರೆದು ಕಣ್ಣೀರಿಗೆ ಹೊಸ ದಾರಿ ಮಾಡುವ ಕೆಲಸ ಅದು. ಸೊಗಸಾಗಿ ಆಯಿತು, ನಾನೂ ಬೀಗಿದೆ.

ಮರುವರ್ಷ ತಂಗಿ ಬಂದಳು. ಎರಡು ತಿಂಗಳಲ್ಲಿ ಮಗಳ ಮದುವೆ. "ಸುರಗಿ ಶಾಸ್ತ್ರದಾಗ ಮಗಳಿಗಿ ಅರಿಶಿಣ ಹಚ್ಚಿ ನೀರು ಹಾಕೂದು ನಂದೇ ಅದ ರೀ. ಆಗ ಕಣ್ಣಾಗ ನೀರು ಸುರದ್ರ ಮಂದಿ ಅಪಶಕುನ ಅಂತಾರ. ಅಷ್ಟರಾಗ ಕಮ್ಮಿ ಮಾಡ್ರಿ," ಎಂದಳು.

ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ಮೂಗಿನೊಳಗೆ ದುರ್ಬೀನು ಹಾಕಿ ನೋಡಬೇಕಿತ್ತು. ಎರಡನ್ನೂ ಮಾಡಲಿಲ್ಲ. ಅಕ್ಕನ ಫೈಲು ತರಿಸಿ, ಅದರಲ್ಲಿ ನಾನೇ ಬಿಡಿಸಿದ್ದ ಅವಳ ಮೂಗಿನೊಳಗಿನ ಚಿತ್ರ ನೋಡಿಕೊಂಡೆ. "ಒಂದೇ ಮನಿ ಮೂಗು, ಒಳಗೂ ಹಂಗೇ ಇರ್ತದ," ಎಂದು ನರ್ಸಿನೆದುರು ಜಂಬ ಕೊಚ್ಚಿದೆ. ಅಕ್ಕನನ್ನು ನೋಡಿ ತಂಗಿಯನ್ನು ಒಪ್ಪಿಕೊಳ್ಳುವ ಬೀಗರ ಲೆಕ್ಕದಲ್ಲೇ ಎಲುಬು ಕೊರೆದೆ.

ಮೂಗಿನ ಪಕ್ಕದ ಎಲುಬಿನಲ್ಲಿ ಗಾಳಿ ತುಂಬಿದ ಪುಟ್ಟ ಕೋಣೆಗಳಿರುತ್ತವೆ. ಕೆಲವರಲ್ಲಿ ಅವು ಮುಂದಕ್ಕೆ ಚಾಚಿ, ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವೆ ಬಂದು ಕೂತಿರುತ್ತವೆ. ಹೊರಗಿನ ಮುಖ ನೋಡಿ ಅದನ್ನು ಹೇಳಲಾಗದು. ತಂಗಿಯದು ಹಾಗಿತ್ತು. ನನ್ನ ಕಿಂಡಿ ತೆರೆದದ್ದು ಮೂಗಿಗಲ್ಲ, ಅಂಥ ಒಂದು ಕೋಣೆಗೆ. ಒಂದೂವರೆ ತಿಂಗಳಲ್ಲಿ ಅದು ಮುಚ್ಚಿಕೊಂಡು ಕಣ್ಣು ಮತ್ತೆ ಸುರಿಯತೊಡಗಿತು. ಆಗ ಸ್ಕ್ಯಾನ್ ಮಾಡಿಸಿದೆ. ಎಲ್ಲ ನಿಚ್ಚಳವಾಗಿ ಕಂಡಿತು. ಮದುವೆಯೊಳಗೆ ಮತ್ತೊಮ್ಮೆ ಕೊರೆಯುವಷ್ಟು ಸಮಯವಿರಲಿಲ್ಲ.

"ನಿಮ್ಮ ಮಾರಿ ಕಟ್ಟೇ ಹಂಗದ ರೀ, ಏನು ಮಾಡೂದು," ಎಂದೆ. ಮುಖದ ಕಟ್ಟು ಹಾಗಿದ್ದದ್ದು ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡದ್ದು ಸುಳ್ಳಿಗಿಂತ ಹೊಲಸು.

ಮದುವೆಗೆ ಕರೆದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕಲಬುರಗಿಯಿಂದ ಬೆಳಿಗ್ಗೆಯೇ ಕಮಲಾಪುರಕ್ಕೆ ಹೋದೆ. ಅಂಗಳದಲ್ಲಿ ಸುರಗಿಗೆಂದು ನಾಲ್ಕು ಮೂಲೆಗೆ ತಂಬಿಗೆಯಿಟ್ಟು, ನೂಲು ಸುತ್ತಿ, ನಡುವೆ ಮಗಳನ್ನು ಕೂರಿಸಿದ್ದರು. ಅರಿಶಿಣ ಹಚ್ಚಿ ನೀರು ಹಾಕಿದವಳು ಅಕ್ಕ. ಅವಳ ಕಣ್ಣು ತಿಳಿಯಾಗಿತ್ತು, ನನ್ನದೇ ಕೈಗುಣ! ಹೆತ್ತ ತಾಯಿಯಾದ ತಂಗಿ ಅಡುಗೆಮನೆಯ ಬಾಗಿಲಲ್ಲಿ ಎಡಗಣ್ಣಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮಗಳು ಎರಡು ಸಲ ಅತ್ತ ತಿರುಗಿ ನೋಡಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಊಟಕ್ಕೆ ಕೂತಾಗ ಯಾರೋ ಬೀಗರು ತಂಗಿಯ ಕಣ್ಣಿನ ಮಾತು ತೆಗೆದರು. ಹೋಳಿಗೆ ಬಡಿಸುತ್ತಿದ್ದವಳು ನನ್ನ ಪರವಾಗಿಯೇ ವಾದಕ್ಕೆ ನಿಂತಳು. "ಡಾಕ್ಟರರು ಏನು ಮಾಡ್ತಾರ ರೀ? ನನ್ನ ಮಾರೀನೇ ಹಂಗದ."

ಊಟದ ಅರ್ಧಕ್ಕೇ ಎದ್ದೆ. ಕೈ ತೊಳೆದು, ಅವಳನ್ನು ಹಿತ್ತಲಿಗೆ ಕರೆದು ಹೇಳಿದೆ. "ನಿಮ್ಮ ಮಾರೀದು ಏನೂ ತಪ್ಪಿಲ್ಲ. ಒಳಗ ನೋಡದೇ ಕೊರದೀನಿ. ತಪ್ಪು ನಂದು."

ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು. ಸಿಟ್ಟಾದರೂ ಮಾಡಲಿ ಎಂದು ಕಾದೆ.

"ನನಗ ಯಾರೂ ಹಿಂದ ಸರಿ ಅಂದಿಲ್ರೀ," ಎಂದಳು. "ಹುಟ್ಟಿದ ಮಾರೀದೇ ದೋಷ ಅಂತ ನಾನೇ ಹಿಂದ ಸರದೀನಿ. ಮುಂಜಾನಿ ಇದನ್ನ ಹೇಳಿದ್ರ, ಕಣ್ಣು ಸುರದ್ರೂ ಮಗಳಿಗಿ ನೀರು ನಾನೇ ಹಾಕ್ತಿದ್ದೆ."