ಹೆಡ್‌ಮಿಸ್‌ಗಳನ್ನು ಬೈಯುವ ಆಯಾ

ಬೀದಿ ದೀಪ ಇನ್ನೂ ಆರಿಲ್ಲ. ಖಾಸಗಿ ಹೆಣ್ಣುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯಿನಿಯರ ಸಂಘದ ಕಚೇರಿಯಲ್ಲಿ ನೆಲ ಒರೆಸುವ ಬಟ್ಟೆ ಬಕೆಟ್ಟಿಗೆ ಬೀಳುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಗುತ್ತದೆ. ಆಯಾ ಕೈ ಒರೆಸಿಕೊಂಡು ರಿಸೀವರ್ ಎತ್ತುತ್ತಾರೆ. ಆ ಕಡೆಯ ಮುಖ್ಯೋಪಾಧ್ಯಾಯಿನಿಯ ಅಹವಾಲು ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಂಡಸಿನ ದನಿಯಲ್ಲಿ ಗುಡುಗುತ್ತಾರೆ.

“ಏನ್ರೀ ಮೇಡಂ, ನಾಟಕದಲ್ಲಿ ನನ್ನ ಮಗಳಿಗೆ ಮರದ ಪಾರ್ಟು ಕೊಟ್ಟಿದೀರಂತೆ! ಅವಳೇನು ಮರದ ಥರ ಕಾಣ್ತಾಳಾ?”

“ನೋಡಿ ಸರ್, ಮರ ಅಂದ್ರೆ ಕಥೇಲಿ ಬಹಳ ಮುಖ್ಯ...”

“ಮುಖ್ಯ ಆದ್ರೆ ಒಂದಾದ್ರೂ ಮಾತು ಬೇಡ್ವೇನ್ರೀ ಅದಕ್ಕೆ?”

ಆ ಕಡೆಯಿಂದ ‘ಅದು... ಅಂದ್ರೆ...’ ಎಂದಷ್ಟೇ ಬರುತ್ತದೆ. ಆಯಾ ತಮ್ಮ ದನಿಗೆ ಇಳಿಯುತ್ತಾರೆ. “ತಡವರಿಸಿದ್ರಿ ಮೇಡಂ. ಇನ್ನೊಂದ್ಸಲ ಬಾಗಿಲು ತಳ್ಕೊಂಡು ಬರ್ಲಾ?”

ಸಂಘದ ಸದಸ್ಯೆಯರು ಇವರನ್ನು ಕರೆಯುವುದೇ ‘ಪೋಷಕರು’ ಎಂದು. ಬೆಳಿಗ್ಗೆ ಸಿಟ್ಟಾದ ಅಪ್ಪನೊಬ್ಬ ಬರುತ್ತಾನೆಂದರೆ ಹೆಡ್‌ಮಿಸ್ ಯಾರ ಮುಂದೆ ನಡುಗಬೇಕು? ಟೀಚರುಗಳ ಮುಂದೆ ನಡುಗುವಂತಿಲ್ಲ. ಉಪಮುಖ್ಯಸ್ಥೆಯ ಕಣ್ಣು ಕುರ್ಚಿಯ ಮೇಲೇ ಇರುತ್ತದೆ. ಹಾಗಾಗಿ ಇಲ್ಲಿಗೆ ಫೋನು ಮಾಡಿ, ಮೊದಲೇ ಒಮ್ಮೆ ಬೈಸಿಕೊಂಡು ಹಗುರಾಗುತ್ತಾರೆ. ಭಾಷಣ, ಶಾಲು, ಪ್ರಮಾಣಪತ್ರ ಸಂಘ ಕೊಡುತ್ತದೆ. ಧೈರ್ಯ ಕೊಡುವ ಇಲಾಖೆ ಆಯಾ ಅವರದು.

ಈ ವಿದ್ಯೆ ಕಲಿತದ್ದು ಮುಂಚೆ ಕೆಲಸಕ್ಕಿದ್ದ ಶಾಲೆಯ ಬೆಂಚಿನ ಮೇಲೆ. ಹೆಡ್‌ಮಿಸ್ ಕೋಣೆಯ ಹೊರಗೆ ಕಾಯುವ ಅಪ್ಪಂದಿರು ಪಕ್ಕದಲ್ಲಿ ಕೂತ ಆಯಾ ಅವರನ್ನು ಲೆಕ್ಕಕ್ಕಿಡದೆ ಬೈಗುಳದ ತಾಲೀಮು ನಡೆಸುತ್ತಿದ್ದರು. “ಹೊರಗೆ ಹಾರಾಡೋರು. ಒಳಗೆ ಹೋದ್ರೆ ‘ನಮಸ್ಕಾರ ಮಿಸ್’ ಅಂತ ಮೆತ್ತಗೆ! ಆ ಬೈಗುಳ ಎಲ್ಲ ವೇಸ್ಟ್ ಆಗ್ತಿತ್ತು. ನಾನು ಎತ್ತಿಟ್ಕೊಂಡೆ,” ಎನ್ನುತ್ತಾರೆ.

ಶಾಲೆ ಮುಚ್ಚಿತು. ಮೂಟೆ ಹೊರುತ್ತಿದ್ದ ಗಂಡ ಬೆನ್ನು ಹಿಡಿದು ಮನೆಯಲ್ಲಿ ಕೂತರು. ಸಂಘದ ಕಸಬರಿಗೆಯೇ ಈಗ ಸಂಸಾರದ ಆಧಾರ. ಅಷ್ಟಾದರೂ ಮನೆಯಲ್ಲಿ ತಮಾಷೆಗೆ ಬರವಿಲ್ಲ. “ಹೆಡ್‌ಮಿಸ್‌ಗಳಿಗೆಲ್ಲ ಬೈದು ಬಂದ್ರೂ ನಿನ್ನ ಸ್ಟಾಕ್ ಮುಗಿಯಲ್ವಲ್ಲೇ!” ಎನ್ನುತ್ತಾರೆ ಗಂಡ. “ಅದು ರಿಹರ್ಸಲ್ಲು ಕಣ್ರೀ. ಶೋ ನಿಮಗೇ!”

ಈ ವಾರ ಮಾತ್ರ ಆ ನಗು ಅರ್ಧಕ್ಕೇ ನಿಲ್ಲುತ್ತಿದೆ. ಸಂಘದ ಹೊಸ ಕಾರ್ಯದರ್ಶಿ, ಅವರೂ ಒಬ್ಬ ಹೆಡ್‌ಮಿಸ್ಸೇ, ಮೇಜಿನ ಫೋನು ತೆಗೆಸುತ್ತಾರಂತೆ. ಇನ್ನು ಯಾರು ಕರೆದರೂ ಯಂತ್ರವೇ ಓಗೊಡುತ್ತದೆ: ಒಂದು ಒತ್ತಿ, ಎರಡು ಒತ್ತಿ. ಆಯಾ ಅವರ ನೌಕರಿಗೇನೂ ಧಕ್ಕೆಯಿಲ್ಲ. “ಕಸ ಇದ್ದೇ ಇರುತ್ತೆ ಬಿಡಿ. ಆದ್ರೆ ಗುಡಿಸೋಕೆ ಯಾರಾದ್ರೂ ಆದೀತು. ಬೈಯೋಕೆ ನಾನೇ ಬೇಕಿತ್ತು.”

ಮರದ ಪಾರ್ಟಿನ ಫೋನು ಇಟ್ಟು ಬಟ್ಟೆ ಹಿಂಡುವಷ್ಟರಲ್ಲಿ ಕಾರ್ಯದರ್ಶಿಯೇ ಒಳಗೆ ಬರುತ್ತಾರೆ. ಸಂಜೆಯ ಸಭೆಯಲ್ಲಿ ಯಂತ್ರದ ವಿಷಯ ಹೇಳಬೇಕು, ಹಿರಿಯ ಸದಸ್ಯೆಯರು ಮುಗಿಬೀಳುವುದು ಖಂಡಿತ. ಕುರ್ಚಿಯ ತುದಿಯಲ್ಲಿ ಕೂತು, ಸಂಕೋಚದಿಂದಲೇ ಕೇಳುತ್ತಾರೆ: “ಸ್ವಲ್ಪ ನಮ್ಮ ಅಧ್ಯಕ್ಷೆ ಆಗ್ತೀರಾ? ನನ್ನನ್ನ ಸುಮ್ನೆ ಬಿಡಬೇಡಿ.”

“ನನ್ನ ಪರ ನಾನೇ ವಾದ ಮಾಡ್ದಂಗಾಗುತ್ತಲ್ಲ ಮೇಡಂ!”

“ಪರವಾಗಿಲ್ಲ, ಮಾಡಿ.”

ಆಯಾ ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅಧ್ಯಕ್ಷೆಯ ಮೂಗುದನಿಯಲ್ಲಿ ಎಳೆಯುತ್ತಾರೆ: “ಯಂತ್ರ ಬರಲಮ್ಮಾ, ಸಂತೋಷ. ನೀನು ಹೆಡ್ ಆದ ಮೊದಲ್ನೇ ದಿನ ಬೆಳಿಗ್ಗೆ ಇಲ್ಲಿಗೆ ಫೋನ್ ಮಾಡಿ ಅತ್ತಿದ್ಯಲ್ಲ? ಅದಕ್ಕೆ ಎಷ್ಟನ್ನ ಒತ್ತಬೇಕು ಮಗೂ?”

ಕಾರ್ಯದರ್ಶಿ ಬರೆದು ತಂದ ಹಾಳೆಯನ್ನು ನೋಡುತ್ತಾರೆ. ತಿರುವಿ ಹಿಂಬದಿಯನ್ನೂ ಹುಡುಕುತ್ತಾರೆ.

“ತಡವರಿಸಿದ್ರಿ ಮೇಡಂ,” ಆಯಾ ಮೆಲ್ಲಗೆ ಹೇಳುತ್ತಾರೆ. “ಇನ್ನೊಂದ್ಸಲ?”

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಹತ್ತಿರವಿದ್ದ ಕಾರ್ಯದರ್ಶಿಯೇ ಎತ್ತಿ, ಒಂದು ಗಳಿಗೆ ಕೇಳಿಸಿಕೊಂಡು, ಹಾಳೆಯನ್ನು ಮಡಚುತ್ತಾರೆ. “ಇದಾರೆ. ಪೋಷಕರಿಗೆ ಕೊಡ್ತೀನಿ, ಇರಿ.”

ರಿಸೀವರ್ ಈಸಿಕೊಳ್ಳುವ ಆಯಾ ಅದರ ಬಾಯಿಗೆ ಅಂಗೈ ಮುಚ್ಚಿ ಒಂದೇ ಒಂದು ಕೋರಿಕೆ ಇಡುತ್ತಾರೆ: “ಈ ವೈರು ಒಂಚೂರು ಉದ್ದ ಮಾಡ್ಸಿಕೊಡಿ ಮೇಡಂ. ಬೈತಾ ಬೈತಾನೇ ಆ ಮೂಲೇನೂ ಒರೆಸಿಬಿಡ್ತೀನಿ.”