ಅತ್ತೆಯ ಸೊಂಟನೋವು

ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದೆ ಎಂದು ಗೊತ್ತಾದ ಮೇಲೂ ನನ್ನ ಅತ್ತೆ ಅದನ್ನು ಸೊಂಟನೋವು ಎಂದೇ ಕರೆಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ವಸ್ತಾರೆ ಹತ್ತಿರದ ನಮ್ಮ ಕಾಫಿ ತೋಟವನ್ನು ಒಬ್ಬರೇ ನಡೆಸಿದವರು. ನೋವು ಅನ್ನುವುದು ಕೆಲಸ ತಪ್ಪಿಸುವವರ ನೆಪ ಎಂಬುದು ಅವರ ಹಳೆಯ ಅಭಿಪ್ರಾಯ. ತಮಗೇ ಬಂತೆಂದು ಅದನ್ನು ಬದಲಿಸಲು ಮುಜುಗರವಾಗಿರಬೇಕು. ಮಲಗಲಾಗದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು. ಯಾಕೆಂದು ಕೇಳಿದರೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು. ಕಿಟಕಿ ಮುಚ್ಚಿರುತ್ತಿತ್ತು.

ಕೊನೆಗೆ ನಾನೂ ನನ್ನ ಮೈದುನನೂ ಅವರನ್ನು ಚಿಕ್ಕಮಗಳೂರಿಗೆ, ನೋವಿನ ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎಷ್ಟು ನೋವಿದೆ ಎಂದು ಕೇಳಿದರು.

"ನಂಬರೆಲ್ಲ ನಂಗೆ ಗೊತ್ತಾಗಲ್ಲ. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೆ ಆಗಲ್ಲ, ಅಷ್ಟಿದೆ," ಎಂದರು ಅತ್ತೆ.

ಅಷ್ಟು ಸಾಕು ಎಂದು ಡಾಕ್ಟರು ಮಾರ್ಫಿನ್ ಮಾತ್ರೆ ಬರೆದರು. ನೋವು ಬರಲಿ ಎಂದು ಕಾಯದೆ ಹೊತ್ತಿಗೆ ಸರಿಯಾಗಿ ನುಂಗಬೇಕು ಎಂದರು. ಅದು ಹೋಗುವವರಿಗೆ ಕೊಡುವ ಔಷಧಿಯಲ್ಲವೇ, ಎಲ್ಲೋ ಕೇಳಿದ್ದೇನೆ ಎಂದ ಮೈದುನ. ನೋವು ಇದ್ದವರಿಗೆ ಕೊಡುವ ಔಷಧಿ ಎಂದು ಡಾಕ್ಟರು ತಿದ್ದಿದರು.

"ಚಟ ಹತ್ತಲ್ವಾ ಡಾಕ್ಟ್ರೇ?" ಅತ್ತೆ ಕೇಳಿದರು.

"ನಾವು ಹೇಳಿದ ಹಾಗೆ ತಗೊಂಡ್ರೆ ಆ ಭಯ ತುಂಬಾ ಕಮ್ಮಿ ಅಮ್ಮ. ಆದ್ರೆ ಹೊಟ್ಟೆ ಕಟ್ಟುತ್ತೆ. ಅದಕ್ಕೂ ಮಾತ್ರೆ ಬರ್ದಿದೀನಿ, ಬಿಡಬೇಡಿ."

ಮೊದಲ ಕೆಲವು ದಿನ ಅತ್ತೆ ತೂಕಡಿಸಿದರು. ಮೈದುನ ಆಗಾಗ ಬಂದು ಉಸಿರು ನೋಡಿ ಹೋಗುತ್ತಿದ್ದ. ಹೀಗಾಗುತ್ತದೆ, ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಇಳಿಯಿತು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಮಲಗಿದರು. ಆಮೇಲೊಂದು ಬೆಳಿಗ್ಗೆ ಕೋಲು ಹಿಡಿದು ಕಣಕ್ಕೆ ಹೊರಟರು. ಒಣಗಲು ಹರಡಿದ್ದ ಕಾಫಿಯನ್ನು ಯಾರೂ ತಿರುವಿ ಹಾಕಿರಲಿಲ್ಲ. ತಿಂಗಳುಗಟ್ಟಲೆ ನಿಂತಿದ್ದ ಬೈಗುಳವೆಲ್ಲ ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿಯ ಪಾಲಿಗೆ ಬಂತು.

ಸಂಜೆ ಮೇಸ್ತ್ರಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ದೊಡ್ಡಮ್ಮಾವ್ರ ಮಾತ್ರೆ ಸ್ವಲ್ಪ ಕಮ್ಮಿ ಮಾಡ್ಸೋಕೆ ಆಗುತ್ತಾ?" ಎಂದು ವಿನಯದಿಂದ ಕೇಳಿದ.

ಆಗುವುದಿಲ್ಲ ಎಂದೆ. ಕಾಯಿಲೆ ಬೆಳೆದಂತೆ ಡಾಕ್ಟರು ಮಾತ್ರೆಯನ್ನು ಹೆಚ್ಚೇ ಮಾಡಿದರು. ಅಷ್ಟರಲ್ಲಿ ಮೈದುನ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ನೀರಿನ ಲೋಟ ಹಿಡಿದು, ಅತ್ತೆಗಿಂತ ಮೊದಲೇ ಸಿದ್ಧನಾಗಿ ನಿಂತಿರುತ್ತಿದ್ದ. ಒಂದು ಸಲ ನಾನು ಸ್ವಲ್ಪ ತಡಮಾಡಿದ್ದಕ್ಕೆ ಅವನು ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅತ್ತೆ ಹೋದದ್ದು ಮಳೆಗಾಲ ಶುರುವಾಗುವ ಮುಂಚೆ, ಒಂದು ಮಧ್ಯಾಹ್ನ. ಬೆಳಿಗ್ಗೆ ಅಕ್ಕಿರೊಟ್ಟಿ ಕೇಳಿ, ಅರ್ಧ ತಿಂದು, ದಪ್ಪವಾಯಿತು ಎಂದಿದ್ದರು. ನಾನು ಪಕ್ಕದಲ್ಲೇ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಅವರು ನಿದ್ದೆಯಲ್ಲಿದ್ದಾರೆ ಎಂದುಕೊಂಡು ಕೊನೆಯ ಸೀರೆಯನ್ನೂ ಮಡಚಿ ಇಟ್ಟೆ.